ಲೈಲಾ-ಮಜ್ನು: ವಯಸ್ಸಿಗೊಂದು ಕಥೆ

ನಾವು ಉರ್ದು ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿ ಕನ್ನಡ ಹೈಸ್ಕೂಲು ಸೇರಿದ ವರ್ಷ ಅದು. 1990ರ ದಶಕದ ಮೊದಲರ್ಧ. ಈದ್‌ನ ಮರುದಿನ ಓಣಿಯವರೆಲ್ಲ ದುಡ್ಡು ಹಾಕಿ ಬಾಡಿಗೆಗೆ ಟಿ.ವಿ., ವಿ.ಸಿ.ಆರ್. ತರಿಸಿದ್ದರು. ಅಂಗಳದಲ್ಲಿ ಚಾಪೆ ಹಾಸಿತ್ತು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ಮಕ್ಕಳು ಎಲ್ಲರಿಗಿಂತ ಮುಂದೆ. ರಾತ್ರಿಯ ಎರಡನೆಯ ಕ್ಯಾಸೆಟ್ 1976ರ ‘ಲೈಲಾ ಮಜ್ನು’. ಜನರು ಮಜ್ನುವಿಗೆ ಕಲ್ಲು ಹೊಡೆಯುವ ದೃಶ್ಯ ಬಂದಾಗ ನಾವೆಲ್ಲ ಬಿಕ್ಕಿ ಬಿಕ್ಕಿ ಅತ್ತೆವು. ತಿರುಗಿ ನೋಡಿದರೆ ನಮ್ಮ ನಾನಿಮಾ ಸುಮ್ಮನೆ ಅಡಿಕೆ ಕತ್ತರಿಸುತ್ತ ಕೂತಿದ್ದರು. ಅವರು ಅತ್ತದ್ದು ಅದಕ್ಕಿಂತ ಬಹಳ ಮುಂಚೆ, ಲೈಲಾಳ ನಿಕಾಹ್ ನಡೆಯುವಾಗ. ಅದು ನಮಗೆ ವಿಚಿತ್ರವಾಗಿ ಕಂಡಿತ್ತು. ಮದುವೆಯಲ್ಲಿ ಅಳುವಂಥದ್ದೇನು, ಕಲ್ಲೇಟು ತಿನ್ನುವವನನ್ನು ಕಂಡರೆ ಅಳು ಬರುವುದಿಲ್ಲವೇ ಎಂದು ಮರುದಿನ ಕೇಳಿದೆವು. ಅವರ ದಖನಿ ಮಾತನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ: “ಅವನಿಗೇನು ಮಗಾ, ಅಳೋದಕ್ಕೆ ಇಡೀ ಮರಳುಗಾಡೇ ಇದೆ. ಅವಳು ಎಲ್ಲಿಗೆ ಹೋಗಿ ಅಳಬೇಕು?”

ಆ ಮಾತು ಆಗ ನಮಗೆ ಅರ್ಥವಾಗಲಿಲ್ಲ. ನಮ್ಮ ಹದಿನಾಲ್ಕರ ವಯಸ್ಸಿಗೆ ಆ ಕಥೆಯಲ್ಲಿ ಮಜ್ನುವನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಇಪ್ಪತ್ತೈದರ ಹೊತ್ತಿಗೆ ಮಜ್ನುವೂ ಇರಲಿಲ್ಲ. ನೌಕರಿ, ಬಾಡಿಗೆ ಮನೆ, ತಂಗಿಯ ಮದುವೆಯ ಸಾಲ ಇವುಗಳ ನಡುವೆ ಅದೊಂದು ಕೆಲಸವಿಲ್ಲದವರ ಕಥೆಯಾಗಿ ಕಂಡಿತ್ತು. ಪೇಟೆಯಲ್ಲಿ ಗಡ್ಡ ಬಿಟ್ಟು ತಿರುಗುವ ಹುಡುಗನನ್ನು ‘ಮಜ್ನು’ ಎಂದು ಛೇಡಿಸುವವರ ಗುಂಪಿನಲ್ಲಿ ನಾವೂ ಸೇರಿದ್ದೆವು. ಈಗ ನಲವತ್ತು ದಾಟಿದ ಮೇಲೆ ಅದೇ ಕಥೆಗೆ ಮತ್ತೆ ಹೋದರೆ ಕಣ್ಣು ತುಂಬುತ್ತದೆ. ಆದರೆ ಹಿಂದೆ ತುಂಬಿದ ಜಾಗದಲ್ಲಲ್ಲ. ಕಥೆ ಬದಲಾಗಿಲ್ಲ; ಕಥೆಯೊಳಗೆ ನಾವು ಯಾರ ಪಕ್ಕ ಹೋಗಿ ಕೂರುತ್ತೇವೆ ಎಂಬುದು ಬದಲಾಗಿದೆ. ಈ ಕಥೆಯ ಸಾವಿರ ವರ್ಷಗಳ ಚರಿತ್ರೆಯನ್ನು ತೆರೆದು ನೋಡಿದಾಗ, ಅದನ್ನು ಬರೆದವರಿಗೂ ಹೀಗೆಯೇ ಆಗಿತ್ತು ಎಂಬುದು ತಿಳಿಯಿತು.

ಕಥೆಯ ಬೇರು ಇರುವುದು ಅರೇಬಿಯಾದ ನಜ್ದ್ ಪ್ರದೇಶದಲ್ಲಿ, ಬನೂ ಆಮಿರ್ ಕುಲದಲ್ಲಿ. ಹುಡುಗನ ಹೆಸರು ಕೈಸ್ ಬಿನ್ ಮುಲವ್ವಹ್. ಕಾಲ ಏಳನೆಯ ಶತಮಾನದ ಉತ್ತರಾರ್ಧ, ಉಮಯ್ಯಾ ಖಲೀಫರ ಆಳ್ವಿಕೆ. ಅವನು ನಿಜವಾಗಿಯೂ ಬದುಕಿದ್ದನೇ ಎಂಬ ಸಂಶಯ ಹಳೆಯ ಅರಬ್ ವಿದ್ವಾಂಸರಲ್ಲೇ ಇತ್ತು. 889ರಲ್ಲಿ ತೀರಿಕೊಂಡ ಇಬ್ನ್ ಕುತೈಬಾ, 967ರಲ್ಲಿ ತೀರಿಕೊಂಡ ಅಬುಲ್ ಫರಜ್ ಇಸ್ಫಹಾನಿ ಇವರ ಗ್ರಂಥಗಳಲ್ಲಿ ಕೈಸ್‌ನ ಕವಿತೆಗಳೂ ಅವನ ಬಗೆಗಿನ ಬಿಡಿಬಿಡಿ ಪ್ರಸಂಗಗಳೂ ಸಿಗುತ್ತವೆ. ಚಿಕ್ಕಂದಿನಲ್ಲಿ ಇಬ್ಬರೂ ಕುರಿಮರಿ ಮೇಯಿಸುತ್ತ ಜೊತೆಗೆ ಬೆಳೆದರು. ದೊಡ್ಡವರಾದ ಮೇಲೆ ಹುಡುಗ ಅವಳ ಹೆಸರು ಹಿಡಿದು ಕವಿತೆ ಹಾಡಿದ. ಹೆಣ್ಣಿನ ಹೆಸರನ್ನು ಕವಿತೆಯಲ್ಲಿ ಹಾಡಿ ಊರೆಲ್ಲ ಹರಡಿದವನಿಗೆ ಆ ಹೆಣ್ಣನ್ನು ಕೊಡುವುದು ಕುಲಕ್ಕೆ ಅವಮಾನ ಎಂಬುದು ಅಂದಿನ ರೂಢಿ. ಲೈಲಾಳ ತಂದೆ ಕೊಡಲಿಲ್ಲ. ಹುಡುಗ ಬುದ್ಧಿ ಕಳೆದುಕೊಂಡು ಕಾಡು ಸೇರಿದ. ಜನ ಅವನನ್ನು ‘ಮಜ್ನೂನ್’ ಎಂದರು, ಅಂದರೆ ಜಿನ್ ಹಿಡಿದವನು. ಅರಬ್ಬರ ಬಳಿ ಇದು ಇಡೀ ಕಥೆಯಾಗಿರಲಿಲ್ಲ. ಬಿಡಿ ಮಣಿಗಳ ರಾಶಿಯಾಗಿತ್ತು.

ಅದನ್ನು ಒಂದು ದಾರಕ್ಕೆ ಪೋಣಿಸಿದವನು ಇಂದಿನ ಅಜರ್‌ಬೈಜಾನಿನ ಗಂಜಾ ಪಟ್ಟಣದ ಪಾರ್ಸಿ ಕವಿ ನಿಜಾಮಿ. ಹಿಜರಿ 584, ಅಂದರೆ ಕ್ರಿ.ಶ. 1188ರಲ್ಲಿ ಅವನು ಈ ಕಾವ್ಯ ಬರೆದ. ಆಗ ಅವನಿಗೆ ಸುಮಾರು 47 ವರ್ಷ. ಬರೆಯುವ ಮನಸ್ಸು ಅವನಿಗಿರಲಿಲ್ಲ. ಶಿರ್ವಾನಿನ ದೊರೆ ಅಖ್ಸಿತಾನ್ ಪತ್ರ ಕಳಿಸಿ ಈ ಕಥೆಯನ್ನೇ ಬರೆಯಬೇಕೆಂದು ಕೇಳಿದ. ಓದಿದ ಕವಿಗೆ ಇಕ್ಕಟ್ಟಾಯಿತು. ಇದರಲ್ಲಿ ತೋಟವಿಲ್ಲ, ಅರಮನೆಯ ಔತಣವಿಲ್ಲ, ಬರಿಯ ಒಣ ಮರಳು, ಬೋಳು ಗುಡ್ಡ, ಎಲ್ಲೆಲ್ಲೂ ದುಃಖ. ಇಂಥದರಲ್ಲಿ ಕವಿತೆ ಎಲ್ಲಿ ಓಡಾಡಬೇಕು ಎಂದು ಅವನು ಪೀಠಿಕೆಯಲ್ಲೇ ಹೇಳಿಕೊಂಡಿದ್ದಾನೆ. ಆಗ ಪಕ್ಕದಲ್ಲಿ ಕೂತು, ಬರೆಯಲೇಬೇಕು ಎಂದು ಹಟ ಹಿಡಿದವನು ಅವನ ಮಗ ಮುಹಮ್ಮದ್. ಮಗನಿಗೆ ವಯಸ್ಸು 14! ತಂದೆ ಮಗನ ಮಾತಿಗೆ ಸೋತ. ನಾಲ್ಕು ತಿಂಗಳು ತುಂಬುವುದರೊಳಗೆ ನಾಲ್ಕು ಸಾವಿರಕ್ಕೂ ಹೆಚ್ಚು ದ್ವಿಪದಿಗಳು ಮುಗಿದವು.

ಈ ಪ್ರಸಂಗ ಓದಿದಾಗಲೆಲ್ಲ ನಾವು ಅಲ್ಲೇ ನಿಲ್ಲುತ್ತೇವೆ. ಹದಿನಾಲ್ಕರ ಹುಡುಗನಿಗೆ ಈ ಕಥೆ ಬೇಕಿತ್ತು. ನಲವತ್ತೇಳರ ತಂದೆಗೆ ಬೇಡವಾಗಿತ್ತು. ಬೇಡವಾದದ್ದಕ್ಕೆ ತೋಟ, ಔತಣಗಳಿಗಿಂತ ಆಳವಾದ ಕಾರಣವೂ ಇದ್ದಿರಬಹುದು. ನಿಜಾಮಿಯ ಪ್ರೀತಿಯ ಹೆಂಡತಿ ಆಫಾಕ್ ಅಷ್ಟರಲ್ಲಾಗಲೇ ತೀರಿಕೊಂಡಿದ್ದಳು. ದರ್ಬಂದಿನ ದೊರೆ ಅವನಿಗೆ ಕಳಿಸಿದ್ದ ದಾಸಿ ಆಕೆ. ಅವನು ಅವಳನ್ನು ಮದುವೆಯಾಗಿದ್ದ. ಹಟ ಹಿಡಿದು ಕೂತಿದ್ದ ಮುಹಮ್ಮದ್ ಅವಳ ಮಗ. ಅವಳ ಸಾವಿನ ನೋವನ್ನು ನಿಜಾಮಿ ಇದಕ್ಕೆ ಮೊದಲು ಬರೆದ ‘ಖುಸ್ರೂ-ಶಿರೀನ್’ ಕಾವ್ಯದ ಕೊನೆಯಲ್ಲಿ ಇಟ್ಟಿದ್ದಾನೆ. ಲೈಲಾ-ಮಜ್ನುವಿನ ಪೀಠಿಕೆಯಲ್ಲಿ ಸತ್ತುಹೋದ ತಂದೆಯನ್ನು, ಕುರ್ದ್ ಮನೆತನದ ತಾಯಿಯನ್ನು, ಸೋದರಮಾವನನ್ನು ನೆನೆದು ಮರುಗುತ್ತಾನೆ. ಇಷ್ಟು ಜನರನ್ನು ಮಣ್ಣು ಮಾಡಿ ಬಂದವನಿಗೆ ಪ್ರೇಮದ ದುರಂತವೆಂಬುದು ಹರೆಯದ ಮಕ್ಕಳು ಹೇಳುವಷ್ಟು ಮಧುರವಾಗಿ ಕಾಣುವುದಿಲ್ಲ.

ಹಾಗೆಂದೇ ಅವನ ಕಾವ್ಯದಲ್ಲಿ ಮಜ್ನುವಿನ ಸುತ್ತ ಬೇರೆ ಮನುಷ್ಯರೂ ಇದ್ದಾರೆ. ಮೊದಲು ತಂದೆ. ಮಕ್ಕಳಿಲ್ಲದೆ ಬಹುಕಾಲ ಕೊರಗಿ, ದುಆ ಮಾಡಿ, ದಾನ ಮಾಡಿ ಪಡೆದ ಒಬ್ಬನೇ ಮಗ ಕೈಸ್. ಆ ಮಗನನ್ನು ನಿಜಾಮಿ ಕುರಿ ಕಾಯಲು ಕಳಿಸುವುದಿಲ್ಲ, ಮಕ್ತಬ್‌ಗೆ ಕಳಿಸುತ್ತಾನೆ. ಪ್ರೀತಿ ಹುಟ್ಟುವುದು ಅಲ್ಲಿ, ಪಾಠದ ಹಲಗೆಯ ಮುಂದೆ. ಮಗನಿಗೆ ಹುಚ್ಚು ಹಿಡಿದಾಗ ತಂದೆ ಕುಲದ ಹಿರಿಯರನ್ನು ಕಟ್ಟಿಕೊಂಡು ಹೆಣ್ಣು ಕೇಳಲು ಹೋಗುತ್ತಾನೆ, ತಲೆ ತಗ್ಗಿಸಿ ಹಿಂದಿರುಗುತ್ತಾನೆ. ಆಮೇಲೆ ಮಗನನ್ನು ಮಕ್ಕಾಕ್ಕೆ ಕರೆದೊಯ್ಯುತ್ತಾನೆ. ಕಾಬಾದ ಬಾಗಿಲ ಬಳೆ ಹಿಡಿದು, ಈ ಪ್ರೀತಿಯಿಂದ ನನ್ನನ್ನು ಬಿಡಿಸು ಎಂದು ಬೇಡಿಕೋ ಎನ್ನುತ್ತಾನೆ. ಮಗ ಬಳೆ ಹಿಡಿದು, ನನ್ನ ಆಯುಷ್ಯ ಕಡಿಮೆ ಮಾಡಿಯಾದರೂ ಈ ಪ್ರೀತಿಯನ್ನು ಹೆಚ್ಚಿಸು ಎಂದು ಬೇಡಿಕೊಳ್ಳುತ್ತಾನೆ.

ಹರೆಯದಲ್ಲಿ ಈ ಪ್ರಸಂಗವನ್ನು ಮೊದಲ ಸಲ ಉರ್ದುವಿನಲ್ಲಿ ಓದಿದಾಗ ನಾವು ವಾಹ್ ಎಂದು ಪುಸ್ತಕ ಮುಚ್ಚಿ ಗೆಳೆಯರಿಗೆ ಹೇಳಲು ಓಡಿದ್ದೆವು. ಈಗ ಓದುವಾಗ ಕಣ್ಣು ಬಳೆ ಹಿಡಿದವನ ಮೇಲೆ ನಿಲ್ಲುವುದಿಲ್ಲ. ಅವನ ಹಿಂದೆ ನಿಂತು ಆ ದುಆ ಕೇಳಿಸಿಕೊಂಡ ಮುದುಕನ ಮೇಲೆ ನಿಲ್ಲುತ್ತದೆ. ಅಷ್ಟು ದೂರ ಒಂಟೆಯ ಮೇಲೆ ಕರೆತಂದವನು ಅವನು. ಎಲ್ಲ ಉಪಾಯ ಮುಗಿದ ಮೇಲೆ ಅಲ್ಲಾಹನ ಮನೆಯೊಂದೇ ಉಳಿದಿದೆ ಎಂದುಕೊಂಡು ಬಂದವನು. ಅಲ್ಲಿಯೂ ಬಾಗಿಲು ಮುಚ್ಚಿತು, ಮುಚ್ಚಿದವನು ಮಗನೇ. ಕೊನೆಗೊಮ್ಮೆ ಆ ತಂದೆ ಕಾಡಿಗೆ ಹೋಗಿ, ನನಗೆ ವಯಸ್ಸಾಯಿತು, ನಾನು ಹೋಗುವುದರೊಳಗೆ ಮನೆಗೆ ಬಾ ಎಂದು ಕರೆಯುತ್ತಾನೆ. ಮಗ ಬರುವುದಿಲ್ಲ. ತಂದೆ ಮನೆಗೆ ಮರಳಿ ಕೆಲವೇ ದಿನಗಳಲ್ಲಿ ತೀರಿಕೊಳ್ಳುತ್ತಾನೆ. ಸುದ್ದಿ ಮಗನಿಗೆ ತಲುಪುವುದು ದಾರಿಯಲ್ಲಿ ಎದುರಾದ ಬೇಟೆಗಾರನೊಬ್ಬನ ಬಾಯಿಂದ. ಆಮೇಲೆ ತಾಯಿ ಬರುತ್ತಾಳೆ, ಕಾಡಿನಲ್ಲಿ ಕೂತ ಮಗನ ಮೈ ತೊಳೆದು ತಲೆ ಬಾಚುತ್ತಾಳೆ. ಅವಳ ಜೊತೆಗೂ ಅವನು ಹೋಗುವುದಿಲ್ಲ.

ಲೈಲಾಳನ್ನು ಇಬ್ನ್ ಸಲಾಮ್ ಎಂಬವನಿಗೆ ಮದುವೆ ಮಾಡಿಕೊಡುತ್ತಾರೆ. ಅವಳು ಅವನನ್ನು ಹತ್ತಿರ ಬರಗೊಡುವುದಿಲ್ಲ. ಅವನು ದುಷ್ಟನಲ್ಲ, ನೋಡುತ್ತ ಕೂರುವುದಷ್ಟೇ ತನ್ನ ಪಾಲಿಗೆ ಬಂದದ್ದು ಎಂದು ಒಪ್ಪಿಕೊಂಡು ಕೊರಗಿ ಸಾಯುತ್ತಾನೆ. ಗಂಡ ಸತ್ತವಳು ಎರಡು ವರ್ಷ ಯಾರಿಗೂ ಮುಖ ತೋರದೆ ಗುಡಾರದಲ್ಲಿ ಕೂತು ಅಳಬೇಕು ಎಂಬುದು ಅಲ್ಲಿನ ಪದ್ಧತಿ ಎನ್ನುತ್ತಾನೆ ನಿಜಾಮಿ. ಲೈಲಾ ಆಗ ಬಾಯಿಬಿಟ್ಟು ಅಳುತ್ತಾಳೆ. ಜನ ಗಂಡನಿಗಾಗಿ ಎಂದುಕೊಳ್ಳುತ್ತಾರೆ, ಅವಳು ಅಳುವುದು ಮಜ್ನುವಿಗಾಗಿ. ಅಳುವುದಕ್ಕೆ ಅವಳಿಗೆ ಒಂದು ಜಾಗ ಸಿಗಬೇಕಾದರೆ ಒಬ್ಬ ಮನುಷ್ಯ ಸಾಯಬೇಕಾಯಿತು! ನಮ್ಮ ನಾನಿಮಾ ನಿಜಾಮಿಯ ಹೆಸರು ಕೇಳಿದವರಲ್ಲ. ಕುರ್‌ಆನ್ ಓದಲು ಕಲಿತದ್ದು ಬಿಟ್ಟರೆ ಬೇರೆ ಅಕ್ಷರ ಅವರಿಗೆ ಬರುತ್ತಿರಲಿಲ್ಲ. ಎಂಟು ಶತಮಾನಗಳ ಹಿಂದೆ ಗಂಜಾದ ಕವಿ ಕಂಡದ್ದನ್ನು ಅವರು ನಮ್ಮ ಓಣಿಯ ಚಾಪೆಯ ಮೇಲೆ ಕೂತು ಕಂಡಿದ್ದರು. ಅದು ಪುಸ್ತಕದಿಂದ ಬಂದ ತಿಳಿವಳಿಕೆಯಲ್ಲ. ಆ ತಿಳಿವಳಿಕೆ ಎಲ್ಲಿಂದ ಬಂತು ಎಂದು ನಾವು ಅವರನ್ನು ಎಂದೂ ಕೇಳಲಿಲ್ಲ. ಕೇಳುವ ವಯಸ್ಸು ನಮಗೆ ಬರುವಷ್ಟರಲ್ಲಿ ಅವರು ಇರಲಿಲ್ಲ.

ನಿಜಾಮಿಯಾದ ಮೇಲೆ ದೆಹಲಿಯಲ್ಲಿ ಈ ಕಥೆ ಹಿಡಿದವನು ಅಮೀರ್ ಖುಸ್ರೂ. 1253ರಲ್ಲಿ ಹುಟ್ಟಿದ ಖುಸ್ರೂ 1299ರ ಸುಮಾರಿಗೆ ಇದನ್ನು ಮುಗಿಸಿದಾಗ ಅವನಿಗೆ 45ರ ಆಸುಪಾಸು. ಹೆಸರನ್ನು ತಿರುಗಿಸಿ ‘ಮಜ್ನೂನ್-ಲೈಲಾ’ ಎಂದಿಟ್ಟ. ಅವನು ಈ ಕಾವ್ಯದಲ್ಲಿ ಮುಳುಗಿದ್ದ ಕಾಲಕ್ಕೇ ಅವನ ತಾಯಿಯೂ ತಮ್ಮನೂ ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಆ ಶೋಕವನ್ನು ಅವನು ಬೇರೆ ಕಡೆ ಬರೆಯಲಿಲ್ಲ, ಇದೇ ಪ್ರೇಮಕಾವ್ಯದೊಳಗೆ ಸೇರಿಸಿದ. ಎಂಟನೆಯ ವಯಸ್ಸಿನ ಸುಮಾರಿಗೇ ತಂದೆಯನ್ನು ಕಳೆದುಕೊಂಡಿದ್ದ ಅವನಿಗೆ ತಾಯಿಯೇ ಸರ್ವಸ್ವ. ಆಸ್ಥಾನಕವಿಯಾಗಿ ಹೆಸರು ಮಾಡಿದ, ನಲವತ್ತೈದು ದಾಟುತ್ತಿದ್ದ ಗಂಡಸು ತಾಯಿ ಸತ್ತಳೆಂದು ಮಗುವಿನಂತೆ ಅಳುತ್ತಾನೆ. ಲೈಲಾ ಮತ್ತು ಮಜ್ನುವಿನ ಕಥೆಯಲ್ಲಿ ಕವಿಯ ತಾಯಿಗೇನು ಕೆಲಸ ಎಂದು ಹದಿಹರೆಯದವರು ಕೇಳಬಹುದು. ನಮ್ಮ ವಯಸ್ಸಿನವರು ಕೇಳುವುದಿಲ್ಲ. ಒಂದು ಅಗಲಿಕೆಯ ಕಥೆ ಹೇಳಹೊರಟವನಿಗೆ ತನ್ನ ಮನೆಯ ಅಗಲಿಕೆ ನಡುವೆ ಬಂದು ನಿಲ್ಲುವುದು ಎಷ್ಟು ಸಹಜ ಎಂಬುದು ನಮಗೆ ಗೊತ್ತಾಗಿದೆ.

1484ರಲ್ಲಿ ಹೆರಾತ್‌ನ ಜಾಮಿ ಇದೇ ಕಥೆಯನ್ನು ಬರೆದಾಗ ಅವನಿಗೆ 70. ನಕ್ಷ್‌ಬಂದಿ ಪಂಥದ ಸೂಫಿ ಅವನು. ಹುಟ್ಟಿದ ನಾಲ್ಕು ಗಂಡುಮಕ್ಕಳಲ್ಲಿ ಮೂವರನ್ನು ಎಳವೆಯಲ್ಲೇ ಕಳೆದುಕೊಂಡವನು. 1530ರ ದಶಕದಲ್ಲಿ ಇರಾಕಿನಲ್ಲಿದ್ದ ಫುಜೂಲಿ ತುರ್ಕಿ ಭಾಷೆಯಲ್ಲಿ ಬರೆದಾಗ ಅವನೂ ನಲವತ್ತು ದಾಟಿದವನೇ. ಸೂಫಿಗಳ ದೃಷ್ಟಿಯಲ್ಲಿ ಲೈಲಾಳ ಮೇಲಿನ ಪ್ರೀತಿ ‘ಇಷ್ಕೆ ಮಜಾಜಿ’, ಅಂದರೆ ತೋರಿಕೆಯ ಪ್ರೇಮ. ಅದೊಂದು ಸೇತುವೆ. ದಾಟಿ ಹೋದರೆ ಸಿಗುವುದು ‘ಇಷ್ಕೆ ಹಕೀಕಿ’, ದೇವರ ಪ್ರೇಮ. ಯುವಕನು ಸೇತುವೆಯ ಮೇಲೆ ನಿಂತು ನೀರಿನಲ್ಲಿ ತನ್ನ ಮುಖ ನೋಡಿಕೊಳ್ಳುತ್ತಾನೆ, ಮುದುಕನಿಗೆ ಆಚೆ ದಡ ಸೇರುವ ಅವಸರ. ನಮಗೆ ಪರಿಚಯವಿರುವ ಈ ನಾಲ್ಕು ಪ್ರಸಿದ್ಧ ಕಾವ್ಯಗಳಲ್ಲಿ ಒಂದನ್ನೂ ಇಪ್ಪತ್ತರ ಹುಡುಗ ಬರೆದದ್ದಲ್ಲ ಎಂಬುದು ಗಮನಿಸಬೇಕಾದ ಸಂಗತಿ.

ಕುರ್‌ಆನಿನಲ್ಲಿ ಅತ್ಯಂತ ಸುಂದರ ವೃತ್ತಾಂತವೆಂದು ಕರೆಯಲಾದ ಯೂಸುಫರ ಕಥೆಯಲ್ಲೂ ನಮಗೆ ಇದೇ ಅನುಭವವಾಗಿದೆ. ಮಕ್ಕಳಾಗಿದ್ದಾಗ ಬಾವಿಗೆ ಬಿದ್ದ ಯೂಸುಫರೇ ನಮಗೆ ಕಥೆ. ಹರೆಯದಲ್ಲಿ ಈಜಿಪ್ಟಿನ ಹೆಂಗಸರು ಅವರನ್ನು ಕಂಡು ಕೈ ಕುಯ್ದುಕೊಂಡ ಪ್ರಸಂಗ. ಈಗ ತರಾವೀಹ್‌ನಲ್ಲಿ ಆ ಸೂರಃ ಬಂದಾಗ ಮನಸ್ಸು ತಡೆದು ನಿಲ್ಲುವುದು ಮಗನಿಗಾಗಿ ದುಃಖಿಸಿ ಕಣ್ಣು ಬೆಳ್ಳಗಾದ ಯಾಕೂಬರ ಬಳಿ. ಆಯತ್‌ಗಳು ಅವೇ, ಕ್ರಮವೂ ಅದೇ.

ಹಾಗೆಂದು, ವಯಸ್ಸಾದವರಿಗೆ ಮಾತ್ರ ಕಲೆ ಅರ್ಥವಾಗುತ್ತದೆ, ಎಳೆಯರದು ಬರಿಯ ಹುಡುಗಾಟ ಎಂದು ತೀರ್ಮಾನಿಸಿದರೆ ತಪ್ಪಾಗುತ್ತದೆ. ಚರಿತ್ರೆ ಅದಕ್ಕೆ ಒಪ್ಪುವುದಿಲ್ಲ. ಕರಬಾಖ್‌ನ ಶೂಶಾ ಪಟ್ಟಣದಲ್ಲಿ 1890ರ ದಶಕದ ಕೊನೆಯಲ್ಲಿ ಹವ್ಯಾಸಿಗಳು ಲೈಲಾಳ ಗೋರಿಯ ಮುಂದೆ ಮಜ್ನು ಹಾಡುವ ದೃಶ್ಯವೊಂದನ್ನು ಆಡಿ ತೋರಿಸಿದ್ದರು. ನೋಡುತ್ತ ಕೂತಿದ್ದ ಉಜೈರ್ ಹಾಜಿಬೆಯೋವ್ ಎಂಬ ಹುಡುಗನಿಗೆ ಅದು ಮರೆಯಲಾಗಲಿಲ್ಲ. ಫುಜೂಲಿಯ ಕಾವ್ಯವನ್ನೇ ಆಧಾರವಾಗಿಟ್ಟುಕೊಂಡು ಅವನು ರಚಿಸಿದ ‘ಲೈಲಿ ಮತ್ತು ಮಜ್ನೂನ್’ 1908ರ ಜನವರಿಯಲ್ಲಿ ಬಾಕು ನಗರದಲ್ಲಿ ರಂಗಕ್ಕೆ ಬಂತು. ಮುಸ್ಲಿಮ್ ಜಗತ್ತಿನ ಮೊದಲ ಆಪೆರಾ ಎಂದು ಅದನ್ನು ಗುರುತಿಸುತ್ತಾರೆ. ಅವನಿಗಾಗ ಕೇವಲ 22 ವರ್ಷ. ಹಿರಿಯ ಕವಿ ಪುಸ್ತಕದಲ್ಲಿ ಬಿಟ್ಟುಹೋದ ದುಃಖಕ್ಕೆ ಕೊರಳು ಕೊಟ್ಟವನು ಹರೆಯದ ಹುಡುಗ.

ನಮ್ಮನ್ನು ಅಳಿಸಿದ ಆ 1976ರ ಚಿತ್ರದಲ್ಲಿಯೂ ಎರಡು ವಯಸ್ಸುಗಳು ಕೂಡಿದ್ದವು. ತೆರೆಯ ಮೇಲಿನ ರಿಷಿ ಕಪೂರ್‌ಗೆ 23 ವರ್ಷ. ನಿರ್ದೇಶಕ ಎಚ್.ಎಸ್. ರವೈಲ್ ಮತ್ತು ಹಾಡು ಬರೆದ ಸಾಹಿರ್ ಲುಧಿಯಾನ್ವಿ ಇಬ್ಬರೂ 1921ರಲ್ಲಿ ಹುಟ್ಟಿದವರು, ಐವತ್ತು ದಾಟಿದವರು. ಸಂಗೀತ ಕೊಟ್ಟ ಮದನ್ ಮೋಹನ್ ಚಿತ್ರ ಮುಗಿಯುವ ಮೊದಲೇ, 1975ರ ಜುಲೈಯಲ್ಲಿ, 51ನೆಯ ವಯಸ್ಸಿನಲ್ಲಿ ತೀರಿಕೊಂಡರು. ಉಳಿದ ಕೆಲಸವನ್ನು ಪೂರೈಸಿದವರು ಜಯದೇವ್. ಅಂಗಳದ ಚಾಪೆಯ ಮೇಲೆ ನಾವು ಅತ್ತದ್ದು ಒಬ್ಬ ಯುವಕನ ಮುಖ ನೋಡಿ; ಆದರೆ ಆ ಅಳುವನ್ನು ಎಬ್ಬಿಸಿದ್ದು ಸಾವಿನ ಅಂಚಿನಲ್ಲಿದ್ದ ಒಬ್ಬ ಹಿರಿಯರ ರಾಗ. ಇಬ್ಬರಲ್ಲಿ ಒಬ್ಬರಿಲ್ಲದಿದ್ದರೂ ಆ ರಾತ್ರಿ ನಮಗೆ ದಕ್ಕುತ್ತಿರಲಿಲ್ಲ.

ಇಷ್ಟೆಲ್ಲ ಬರೆಯಲು ಕಾರಣವಾದದ್ದು ನಮ್ಮ ಮನೆಯಲ್ಲಿ ನಡೆದ ಒಂದು ಸಣ್ಣ ಘಟನೆ. ಕಾಶ್ಮೀರದಲ್ಲಿ ಚಿತ್ರೀಕರಿಸಿದ, ಸಾಜಿದ್ ಅಲಿ ನಿರ್ದೇಶನದ ಹೊಸ ‘ಲೈಲಾ ಮಜ್ನು’ 2018ರಲ್ಲಿ ಬಂದಾಗ ಕೇಳುವವರಿರಲಿಲ್ಲ. 2024ರ ಆಗಸ್ಟ್‌ನಲ್ಲಿ ಅದನ್ನು ಮತ್ತೆ ತೆರೆಗೆ ತಂದಾಗ, ಮೊದಲ ಸಲಕ್ಕಿಂತ ಹೆಚ್ಚು ಹಣ ಗಳಿಸಿತು. ಆ ದಿನಗಳಲ್ಲಿ ನಮ್ಮ ಮಗಳು ರಾತ್ರಿ ಹನ್ನೊಂದರ ಹೊತ್ತಿಗೆ ಮೊಬೈಲ್ ಹಿಡಿದು ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಯಾಕೆ ಎಂದರೆ ಆ ಸಿನಿಮಾ. ಪರೀಕ್ಷೆ ಹತ್ತಿರ ಬಂದಿದೆ, ಇದೇನು ಹುಚ್ಚಾಟ ಎಂದು ಗದರಿದೆವು. ಮೊಬೈಲ್ ಕಸಿದುಕೊಂಡೆವು. ಅವಳು ಒಂದು ಮಾತೂ ಆಡದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆ ಬಾಗಿಲಿನ ಸದ್ದಿಗೆ ನಾನಿಮಾ ನೆನಪಾದರು. ಅಳುವುದಕ್ಕೆ ಜಾಗ ಎಲ್ಲಿದೆ ಎಂದು ಕೇಳಿದವರು ಅವರು. ನಮ್ಮ ಮನೆಯಲ್ಲಿ ಹುಡುಗಿಯೊಬ್ಬಳಿಗೆ ಇದ್ದ ಜಾಗವನ್ನು ಕಸಿದುಕೊಂಡವರು ನಾವು. ಮಜ್ನುವಿನ ತಂದೆಗಾಗಿ ಕಣ್ಣು ಒದ್ದೆ ಮಾಡಿಕೊಳ್ಳುತ್ತೇವೆಂದು ಹೆಮ್ಮೆಪಡುತ್ತಿದ್ದ ನಾವು ಆ ಹೊತ್ತಿನಲ್ಲಿ ಲೈಲಾಳ ತಂದೆಯ ಜಾಗದಲ್ಲಿದ್ದೆವು. ಕಥೆಯಲ್ಲಿ ನಮಗೆ ಬೇಕಾದವರ ಪಕ್ಕ ಕೂರಬಹುದು. ಮನೆಯಲ್ಲಿ ನಾವು ಯಾರಾಗುತ್ತೇವೆ ಎಂಬುದು ಮಾತ್ರ ನಾವು ಓದಿದ ಪುಸ್ತಕದಿಂದ ನಿರ್ಧಾರವಾಗುವುದಿಲ್ಲ. ನಿಜಾಮಿ ದೊಡ್ಡವನಾದದ್ದು ಕಾವ್ಯ ಬರೆದದ್ದರಿಂದ ಮಾತ್ರವಲ್ಲ. ತನಗೆ ಬೇಡವಾದ ಕಥೆಯೊಂದು ಹದಿನಾಲ್ಕರ ಮಗನಿಗೆ ಏಕೆ ಬೇಕು ಎಂದು ಕಿವಿಗೊಟ್ಟು ಕೇಳಿದ್ದರಿಂದಲೂ ಹೌದು.

ಮರುದಿನ ಊಟವಾದ ಮೇಲೆ ಮೊಬೈಲ್ ಮರಳಿ ಕೊಟ್ಟು, ಸಿನಿಮಾದಲ್ಲಿ ಯಾವ ಜಾಗದಲ್ಲಿ ಅಳು ಬಂತು ಎಂದು ಕೇಳಿದೆವು. ಅವಳು ಸ್ವಲ್ಪ ಹೊತ್ತು ನಮ್ಮ ಮುಖ ನೋಡಿದಳು, ನಂಬಬಹುದೋ ಬೇಡವೋ ಎಂಬಂತೆ. ಆಮೇಲೆ ಕೇಳಿದಳು: “ಅವನಿಗೆ ಕಾಯಿಲೆ ಅಂತ ಎಲ್ಲರಿಗೂ ಗೊತ್ತಿತ್ತಲ್ಲ, ಯಾಕೆ ಯಾರೂ ವಾಸಿ ಮಾಡಿಸಲಿಲ್ಲ?”

ಇಂಥ ಪ್ರಶ್ನೆ ನಮಗೆ ಹದಿನಾಲ್ಕರಲ್ಲಿ ಹೊಳೆದಿರಲಿಲ್ಲ, ಇಪ್ಪತ್ತೈದರಲ್ಲೂ ಇಲ್ಲ. ಪ್ರೇಮದ ಹುಚ್ಚನ್ನು ನಾವು ಆರಾಧಿಸಿದ್ದೆವು, ಆಮೇಲೆ ಗೇಲಿ ಮಾಡಿದ್ದೆವು. ಅದು ನೋವು ತಿನ್ನುತ್ತಿರುವ ಒಬ್ಬ ಮನುಷ್ಯನ ಸ್ಥಿತಿ, ಅದಕ್ಕೆ ಆರೈಕೆ ಬೇಕು ಎಂದು ಈ ಕಾಲದ ಮಕ್ಕಳು ನೇರವಾಗಿ ಕೇಳುತ್ತಾರೆ. ವಯಸ್ಸು ಮಾತ್ರ ಕಣ್ಣು ತೆರೆಸುತ್ತದೆ ಎಂಬ ನಮ್ಮ ಲೆಕ್ಕವನ್ನು ಕಾಲವೂ ತಿದ್ದುತ್ತದೆ.

ವಾಸಿ ಮಾಡಿಸಲು ಒಬ್ಬ ಹೋಗಿದ್ದ ಎಂದೆವು. ಯಾರು ಎಂದಳು. ಅವನ ಅಬ್ಬಾ ಎಂದು, ಮಕ್ಕಾದ ದಾರಿಯ ಕಥೆ ಹೇಳತೊಡಗಿದೆವು. ಒಂಟೆ, ಅಂಬಾರಿ, ಮರಳು, ಕಾಬಾದ ಬಾಗಿಲು, ಬಾಗಿಲ ಬಳೆ. ಹುಡುಗ ಬಳೆ ಹಿಡಿದು ಏನು ಬೇಡಿಕೊಂಡ ಎಂಬಲ್ಲಿಯವರೆಗೆ ಹೇಳಿದೆವು. ಮುಂದಿನದು, ಆ ತಂದೆ ಮನೆಗೆ ಮರಳಿದ್ದು, ಹೇಳಲಾಗಲಿಲ್ಲ, ಗಂಟಲು ಕಟ್ಟಿತು. ಅವಳು ನಗಲಿಲ್ಲ. ಎದ್ದು ಹೋಗಿ ಒಂದು ಲೋಟ ನೀರು ತಂದು ಮುಂದಿಟ್ಟು, ಪಕ್ಕದಲ್ಲೇ ಕೂತಳು.